ಸುಪ್ಪಂದಿಯೋ, ಆಸ್ಟೆರಿಕ್ಸೋ? ಮಳೆ ರಜೆಗೆ ನಗೆ ಕಾಮಿಕ್ಸ್ ಆರಿಸುವ ಬಗೆ

ಮೇ ತಿಂಗಳು ಮುಗಿಯುತ್ತ ಬಂತೆಂದರೆ ನಮ್ಮ ಕಡೆ ಎಲ್ಲರಿಗೂ ಕೂಡಿಡುವ ಚಿಂತೆ. ಕಟ್ಟಿಗೆ ಒಳಗೆ ಬರಬೇಕು, ಹಪ್ಪಳ ಒಣಗಬೇಕು, ಒಣಮೀನು ಡಬ್ಬಿ ಸೇರಬೇಕು. ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಚಿಂತೆಯೂ ಇದೆ. ಜುಲೈಯಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಮೊಬೈಲು ಸುಮ್ನೆ ಕೈಯಲ್ಲಿರುತ್ತದೆ. ಆಗ ಮಕ್ಕಳನ್ನು ಕೂರಿಸುವುದು ಹೇಗೆ?

ನಾನು ಕುಮಟಾದಲ್ಲಿ ಮಕ್ಕಳ ಪುಸ್ತಕದ ಒಂದು ಸಣ್ಣ ಲೈಬ್ರರಿ ನೋಡಿಕೊಳ್ಳುತ್ತೇನೆ. ಈ ಹೊತ್ತಿಗೆ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಾವು ಚಿಕ್ಕವರಿದ್ದಾಗ ಓದಿ ನಗುತ್ತಿದ್ದೆವಲ್ಲ, ಆ ಥರದ ಕಾಮಿಕ್ಸಲ್ಲಿ ಯಾವುದು ತಗೊಳ್ಳಲಿ?" ಕೇಳುವವರು ಮಾತ್ರ ಒಂದೇ ಥರ ಇರುವುದಿಲ್ಲ. ಶಿರಸಿ ಕಡೆಯ ಅಕ್ಕನೊಬ್ಬರ ಮಾಣಿಗೆ ಎಂಟು ವರ್ಷ, ಕನ್ನಡ ಶಾಲೆ, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾನೆ. ಕಾರವಾರದ ನೌಕಾನೆಲೆಯ ಕ್ವಾರ್ಟರ್ಸ್‌ನಲ್ಲಿರುವವರ ಮಗಳಿಗೆ ಹನ್ನೊಂದು. ಹಿಂದಿ, ಇಂಗ್ಲಿಷ್ ಎರಡೂ ಸಲೀಸು, ಕನ್ನಡ ಈಗಷ್ಟೇ ಕಲಿಯುತ್ತಿದ್ದಾಳೆ. ಅಂಕೋಲೆಯ ಮಾವನೊಬ್ಬರಿಗೆ ಇಬ್ಬರು ಸೋದರಳಿಯಂದಿರು, ಒಬ್ಬನಿಗೆ ಆರು, ಇನ್ನೊಬ್ಬನಿಗೆ ಹದಿಮೂರು. ಇಬ್ಬರಿಗೂ ಸೇರಿ ಒಂದೇ ಪುಸ್ತಕಕ್ಕೆ ಆಗುವಷ್ಟು ದುಡ್ಡು ತೆಗೆದಿಟ್ಟಿದ್ದಾರೆ. ಈ ಮೂವರಿಗೂ ಒಂದೇ ಉತ್ತರ ಕೊಡಲಾಗುವುದಿಲ್ಲ.

ಆರಿಸುವ ಮುಂಚೆ ಏನು ನೋಡಬೇಕು

ನಾನು ಮೊದಲು ನೋಡುವುದು ಒಂದೇ. ಎರಡನೇ ಸಲ ಓದಿದಾಗಲೂ ನಗು ಬರುತ್ತದಾ? ಹಳೆಯ ನಗೆ ಕಾಮಿಕ್ಸ್ ಇಷ್ಟು ವರ್ಷ ಬಾಳಿದ್ದು ಹೊಸ ಹೊಸ ಜೋಕಿನಿಂದಲ್ಲ. ಮುಂದೇನಾಗುತ್ತದೆ ಎಂದು ಮಗುವಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಕಾಯುತ್ತದೆ. ಅದು ಆದ ಕೂಡಲೇ ಬಿದ್ದು ಬಿದ್ದು ನಗುತ್ತದೆ. ಯಕ್ಷಗಾನದ ಹಾಸ್ಯಗಾರನ ಕತೆಯೂ ಇದೇ ಅಲ್ವಾ? ದೂತನಾಗಿ ಬಂದವನು ರಾಜನ ಮಾತಿಗೆ ಅಡ್ಡ ಹೇಳಿಯೇ ಹೇಳುತ್ತಾನೆ ಎಂದು ಎದುರು ಕೂತವರಿಗೆಲ್ಲ ಗೊತ್ತು. ಆದರೂ ಅವನು ರಂಗಕ್ಕೆ ಬಂದರೆ ಚಾಪೆ ಮೇಲೆ ಮಲಗಿದ್ದವರೂ ಎದ್ದು ಕೂರುತ್ತಾರೆ. ಮುಂದೆ ಹೇಳುವ ಕಾಮಿಕ್ಸ್ ಪಾತ್ರಗಳು, ಸುಪ್ಪಂದಿ, ಒಬೆಲಿಕ್ಸ್, ಕ್ಯಾಪ್ಟನ್ ಹ್ಯಾಡಕ್ ಎಲ್ಲರೂ ಇದೇ ಜಾತಿಯವರು.

ಎರಡನೆಯದು, ನಗು ಎಲ್ಲಿದೆ ಎನ್ನುವುದು. ಕೆಲವು ಕಾಮಿಕ್ಸಲ್ಲಿ ಚಿತ್ರದಲ್ಲೇ ಇರುತ್ತದೆ, ಕೆಲವದರಲ್ಲಿ ಕತೆಯ ತಿರುವಿನಲ್ಲಿ, ಇನ್ನು ಕೆಲವದರಲ್ಲಿ ಮಾತಿನಲ್ಲಿ. ನಿಮ್ಮ ಮಗು ಯಾವುದಕ್ಕೆ ನಗುತ್ತದೆ ಎಂದು ನಿಮಗೇ ಗೊತ್ತಿರುತ್ತದೆ. ಯಾರಾದರೂ ಕಾಲು ಜಾರಿದರೆ ನಗುವ ಮಗು ಬೇರೆ, ಅಜ್ಜನ ಮಾತಿಗೆ ಎದುರು ಮಾತು ಹುಡುಕುವ ಮಗು ಬೇರೆ.

ಆಮೇಲೆ ಭಾಷೆ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಇಂಗ್ಲಿಷ್ ಬರಲಿ ಎಂದು ಕಾಮಿಕ್ಸ್ ಕೊಡಿಸಬೇಡಿ. ಪ್ರತಿ ಸಾಲಿಗೂ ಅರ್ಥ ಕೇಳುತ್ತ ಕೂತರೆ ನಗು ಅಲ್ಲೇ ಸಾಯುತ್ತದೆ. ಮಗುವಿಗೆ ಅದು ಇನ್ನೊಂದು ಪಾಠದ ಪುಸ್ತಕವಾಗುತ್ತದೆ. ನಗು ಹತ್ತಿದರೆ ಇಂಗ್ಲಿಷ್ ತಾನಾಗಿಯೇ ಬರುತ್ತದೆ, ಬರದಿದ್ದರೂ ನಷ್ಟವಿಲ್ಲ.

ಇನ್ನುಳಿದವು ಕತೆಯ ಉದ್ದ, ದುಡ್ಡು, ಮತ್ತು ನಮ್ಮೂರ ಮಳೆಯನ್ನು ಪುಸ್ತಕ ತಡೆಯುತ್ತದಾ ಎಂಬುದು. ಹಳೆಯ ಕಾಮಿಕ್ಸ್ ಆದ್ದರಿಂದ ಇನ್ನೊಂದೂ ಇದೆ: ಅಂದು ನಗು ಬರಿಸಿದ ಕೆಲವು ಚಿತ್ರ ಇಂದು ಮುಜುಗರ ತರುತ್ತವೆ. ಅದನ್ನು ಆಯಾ ಪುಸ್ತಕದ ಜೊತೆಗೇ ಹೇಳುತ್ತೇನೆ.

ಟಿಂಕಲ್: ಸುಪ್ಪಂದಿ, ಶಂಭು ಮತ್ತು ಕಾಲಿಯಾ

ಎಲ್ಲರೂ ಮೊದಲು ಕೇಳುವುದು ಈ ಇಂಗ್ಲಿಷ್ ಮಕ್ಕಳ ಪತ್ರಿಕೆಯನ್ನೇ. ನಮ್ಮ ಪಕ್ಕದ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಇದನ್ನು 1980ರಲ್ಲಿ ಶುರು ಮಾಡಿದರು. ಮಕ್ಕಳಿಗೆಲ್ಲ ಅವರು 'ಅಂಕಲ್ ಪೈ'. ಓದುಗರೇ ಕತೆ ಕಳಿಸುವ ಪದ್ಧತಿ ಇತ್ತು. 1983ರಲ್ಲಿ ಬಂದ ಸುಪ್ಪಂದಿಯೂ ಹಾಗೆ ಬಂದವನೇ. ತಿರುಚ್ಚಿಯ ಓದುಗರೊಬ್ಬರು ತಮಿಳು ನಾಡಿನ ಕತೆಗಳನ್ನು ಬರೆದು ಕಳಿಸಿದರು, ಚಿತ್ರಕಾರ ರಾಮ್ ವಾಯೀರ್ಕರ್ ಅವನಿಗೆ ಆ ವಿಚಿತ್ರ ತಲೆ ಕೊಟ್ಟರು.

ಸುಪ್ಪಂದಿಯ ಗುಟ್ಟು ಸರಳ. ಯಜಮಾನ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಒಂದು ಅಕ್ಷರ ಆಚೀಚೆ ಇಲ್ಲ. ಅದೇ ತೊಂದರೆ. ಆರೇಳು ವರ್ಷದ ಮಕ್ಕಳಿಗೆ ಇದು ಎಷ್ಟು ಹಿಡಿಸುತ್ತದೆ ಎಂದರೆ ಓದಿ ಮುಗಿಸಿದ ಮೇಲೆ ಮನೆಯಲ್ಲೂ ಶುರು ಮಾಡುತ್ತಾರೆ. ಶಿರಸಿ ಹತ್ತಿರದ ಒಂದು ಮನೆಯಲ್ಲಿ ಅಂಗಳದ ತುಂಬ ಹಲಸಿನ ಹಪ್ಪಳ ಒಣಗಿಸಿದ್ದರು. "ಕಾಗೆ ಬರ್ತದೆ, ನೋಡ್ತಾ ಇರು" ಎಂದು ಮಗನನ್ನು ಜಗಲಿಯಲ್ಲಿ ಕೂರಿಸಿ ತಾಯಿ ಒಳಗೆ ಹೋದರು. ಬಂದು ನೋಡಿದರೆ ಒಂದು ಸಾಲು ಹಪ್ಪಳ ಖಾಲಿ. ಮಾಣಿ ಗಂಭೀರವಾಗಿ ಹೇಳಿದ: "ನೋಡ್ತಾನೇ ಇದ್ದೆ ಆಯಿ. ಮೂರು ಕಾಗೆ ಬಂತು." ಅವನ ಕೈಯಲ್ಲಿ ನಮ್ಮ ಲೈಬ್ರರಿಯ ಸುಪ್ಪಂದಿ ಇತ್ತು. ತಾಯಿಗೆ ಬೈಯಲೂ ಆಗಲಿಲ್ಲ.

ಶಿಕಾರಿ ಶಂಭು ಬೇರೆ ಬಗೆ. ಮಹಾ ಪುಕ್ಕಲ, ಟೋಪಿ ಕಣ್ಣಿನ ಮೇಲೇ ಇರುತ್ತದೆ, ಓಡಿ ಹೋಗಲು ನೋಡುತ್ತಾನೆ, ಹೇಗೋ ಕೊನೆಗೆ ಹುಲಿ ಹಿಡಿದ ಶೂರ ಎನ್ನಿಸಿಕೊಳ್ಳುತ್ತಾನೆ. ಲೂಯಿಸ್ ಫರ್ನಾಂಡಿಸ್ ಬರೆದು ವಸಂತ ಹಳಬೆ ಚಿತ್ರ ಬಿಡಿಸಿದ ಪಾತ್ರ ಇದು. ಶುರುವಿನಲ್ಲಿ ಕೋವಿ ಹಿಡಿದಿದ್ದವನು ಬರಬರುತ್ತ ಪ್ರಾಣಿ ಉಳಿಸುವವನಾದ. ಜೋಯಿಡಾ, ದಾಂಡೇಲಿ ಕಡೆಯ ಮಕ್ಕಳು ಶಂಭುವನ್ನು ಓದುವ ರೀತಿಯೇ ಬೇರೆ. ಕರಡಿ ಎದುರಾದರೆ ಏನಾಗುತ್ತದೆ ಎಂದು ಅವರಿಗೆ ನಿಜವಾಗಿ ಗೊತ್ತು. "ಇವನು ಹೀಗೆ ಮರ ಹತ್ತಿದ್ರೆ ಕರಡಿನೂ ಹತ್ತತ್ತು" ಎಂದು ತಪ್ಪು ಹುಡುಕಿ ಇನ್ನೂ ಜಾಸ್ತಿ ನಗುತ್ತಾರೆ. ಕಾಲಿಯಾ ಎಂಬ ಕಾಗೆ, ಅದರ ಕೈಗೆ ಸಿಕ್ಕಿ ಸೋಲುವ ಚಮಟಕ ನರಿ, ಡೂಬ್ ಡೂಬ್ ಮೊಸಳೆ ಇವರೆಲ್ಲ ಇನ್ನೂ ಚಿಕ್ಕವರಿಗೆ.

ಅನುಕೂಲ ಏನೆಂದರೆ ಕತೆಗಳು ಚಿಕ್ಕವು. ಊಟಕ್ಕೆ ಕರೆಯುವ ಮುಂಚೆ ಎರಡು ಮುಗಿಯುತ್ತವೆ. ಇಂಗ್ಲಿಷ್ ಸುಲಭ, ನಾಲ್ಕನೇ ತರಗತಿಯ ಮಕ್ಕಳು ಹೇಗೋ ಎಳೆದುಕೊಂಡು ಹೋಗುತ್ತಾರೆ. ಹೆಸರು, ಊಟ, ಉಡುಗೆ ಎಲ್ಲ ನಮ್ಮದೇ. ಬೆಲೆಯೂ ಕಡಿಮೆ. ವಿದೇಶದ ಒಂದು ಆಲ್ಬಮಿನ, ಅಂದರೆ ಒಂದೇ ಉದ್ದ ಕತೆಯ ದೊಡ್ಡ ಕಾಮಿಕ್ಸ್ ಪುಸ್ತಕದ, ದುಡ್ಡಿಗೆ ಹಲವು ಟಿಂಕಲ್ ಬರುತ್ತವೆ. ಕೊರತೆ ಏನೆಂದರೆ ಪ್ರತಿ ಸಂಚಿಕೆಯಲ್ಲೂ ಸುಪ್ಪಂದಿ ಇರುವುದು ಸ್ವಲ್ಪ ಪುಟಗಳಲ್ಲಿ ಮಾತ್ರ. ಉಳಿದದ್ದು ವಿಜ್ಞಾನ, ಒಗಟು, ಸಾಮಾನ್ಯ ಜ್ಞಾನ. ನಗುವೇ ಬೇಕೆಂದರೆ ಒಂದೇ ಪಾತ್ರದ ಕತೆಗಳನ್ನು ಒಟ್ಟು ಮಾಡಿದ ಪುಸ್ತಕ ತಗೊಳ್ಳಿ. ಇನ್ನೊಂದು ಮಾತು. ಹತ್ತು ದಾಟಿದ ಮೇಲೆ ಕೆಲವು ಮಕ್ಕಳಿಗೆ ಇದು ಚಿಕ್ಕವರದ್ದು ಎನಿಸುತ್ತದೆ. ಬಲವಂತ ಬೇಡ.

ಚಾಚಾ ಚೌಧರಿ

ವ್ಯಂಗ್ಯಚಿತ್ರಕಾರ ಪ್ರಾಣ್ 1969ರಲ್ಲಿ 'ಲೋಟ್‌ಪೋಟ್' ಎಂಬ ಹಿಂದಿ ಪತ್ರಿಕೆಗೆಂದು ಬಿಡಿಸಿದ ಪಾತ್ರ. ಕೆಂಪು ಮುಂಡಾಸು, ದಪ್ಪ ಮೀಸೆ, ಕೈಯಲ್ಲಿ ಕೋಲು, ಕಂಪ್ಯೂಟರಿಗಿಂತ ಚುರುಕು ತಲೆ. ಜೊತೆಗೆ ಗುರುಗ್ರಹದಿಂದ ಬಂದ ದೈತ್ಯ ಸಾಬೂ. ಅವನಿಗೆ ಸಿಟ್ಟು ಬಂದರೆ ಎಲ್ಲೋ ಒಂದು ಜ್ವಾಲಾಮುಖಿ ಸಿಡಿಯುತ್ತದೆ. ಆ ಸಾಲು ಬಂದಾಗ ಮಕ್ಕಳು ಬಾಯಿಪಾಠ ಒಪ್ಪಿಸುವಂತೆ ಒಟ್ಟಿಗೆ ಹೇಳುತ್ತಾರೆ.

ಚಿತ್ರ ಬಹಳ ಸರಳ, ಹಿನ್ನೆಲೆಯಲ್ಲಿ ಏನೂ ಇರುವುದಿಲ್ಲ. ಕಳ್ಳ ಬಂದ, ಚಾಚಾ ಉಪಾಯ ಮಾಡಿದರು, ಸಾಬೂ ಎತ್ತಿ ಒಗೆದ, ಮುಗಿಯಿತು. ಹೆಂಗಸರಿಗೆ ಅಡುಗೆಮನೆ ಬಿಟ್ಟು ಜಾಸ್ತಿ ಕೆಲಸವಿಲ್ಲ. ನಾನಾದರೆ ಇದಕ್ಕಿಂತ ಟಿಂಕಲ್‌ಗೆ ದುಡ್ಡು ಹಾಕುತ್ತೇನೆ. ಆದರೆ ಹಿಂದಿ ಮನೆಮಾತಾಗಿರುವ ಮಕ್ಕಳಿಗೆ, ಕಾರವಾರದ ನೌಕಾನೆಲೆ, ಕೈಗಾ ಕಡೆ ಇಂಥವರು ಬಹಳ ಇದ್ದಾರೆ, ಹಿಂದಿಯಲ್ಲೇ ಓದಿದರೆ ಇದರ ಸೊಗಸು ಬೇರೆ. ಅಜ್ಜ ಅಜ್ಜಿಗೂ ಗೊತ್ತಿರುವ ಪಾತ್ರ. ಪುಸ್ತಕ ತೆಳ್ಳಗೆ, ಬೆಲೆ ಕಡಿಮೆ, ರೈಲಿನಲ್ಲಿ ಮರೆತು ಬಂದರೂ ಹೊಟ್ಟೆ ಉರಿಯುವುದಿಲ್ಲ.

ಆಸ್ಟೆರಿಕ್ಸ್: ಕರಾವಳಿಯ ಮಕ್ಕಳಿಗೆ ಒಂದು ವಿಶೇಷ ಕಾರಣ

ಫ್ರಾನ್ಸಿನ ಗೊಸಿನಿ ಬರೆದು ಉದೆರ್ಜೊ ಚಿತ್ರ ಬಿಡಿಸಿದ ಇದು 1959ರ ಅಕ್ಟೋಬರಿನಲ್ಲಿ ಒಂದು ಪತ್ರಿಕೆಯಲ್ಲಿ ಶುರುವಾಯಿತು. ಕ್ರಿಸ್ತಪೂರ್ವ 50. ಗಾಲ್ ದೇಶವನ್ನೆಲ್ಲ, ಅಂದರೆ ಹೆಚ್ಚುಕಡಿಮೆ ಈಗಿನ ಫ್ರಾನ್ಸನ್ನು, ರೋಮನ್ನರು ಗೆದ್ದಿದ್ದಾರೆ, ಸಮುದ್ರದ ಬದಿಯ ಒಂದು ಹಳ್ಳಿ ಮಾತ್ರ ಬಗ್ಗಿಲ್ಲ. ಪುಟ್ಟ ಆಸ್ಟೆರಿಕ್ಸ್, ಭಾರೀ ಒಬೆಲಿಕ್ಸ್, ಶಕ್ತಿಯ ಕಷಾಯ ಕಾಸುವ ಗೆಟಫಿಕ್ಸ್. ಹಾಡಿದರೆ ಊರೇ ಕಿವಿ ಮುಚ್ಚುವ ಕ್ಯಾಕೊಫೋನಿಕ್ಸನನ್ನು ಕೊನೆಯ ಔತಣದ ಹೊತ್ತಿಗೆ ಸಾಮಾನ್ಯವಾಗಿ ಕಟ್ಟಿ ಹಾಕಿರುತ್ತಾರೆ. ನಮ್ಮ ಮಕ್ಕಳು ಪುಸ್ತಕ ಕೈಗೆ ಬಂದ ಕೂಡಲೇ ಕೊನೆಯ ಪುಟ ತೆಗೆದು ಅವನನ್ನು ಈ ಸಲ ಎಲ್ಲಿ ಕಟ್ಟಿದ್ದಾರೆ ಎಂದು ಹುಡುಕುತ್ತಾರೆ. ಆಮೇಲೆ ಮೊದಲಿನಿಂದ ಓದುತ್ತಾರೆ.

ಕರಾವಳಿಯ ಮಕ್ಕಳಿಗೆ ನಾನು ಇದನ್ನು ಹೇಳಲು ಕಾರಣ ಆ ಊರಿನ ಮೀನಿನ ಅಂಗಡಿ. ಅನ್‌ಹೈಜೀನಿಕ್ಸ್ ಎಂಬವನು ಮೀನು ಮಾರುತ್ತಾನೆ. ಊರು ಇರುವುದೇ ಸಮುದ್ರದ ಬದಿಗೆ. ಆದರೆ ಇವನು ಮೀನು ತರಿಸುವುದು ದೂರದ ಲುಟೀಷಿಯಾದಿಂದ, ಅಂದರೆ ಈಗಿನ ಪ್ಯಾರಿಸ್ಸಿನಿಂದ! ಬರುವಷ್ಟರಲ್ಲಿ ಅದರ ಗತಿ ಏನಾಗಿರುತ್ತದೆ ಎಂದು ಕೇಳಬೇಡಿ. ಕಮ್ಮಾರ ಮೂಗು ಮುಚ್ಚಿ ಒಂದು ಮಾತು ಹೇಳುತ್ತಾನೆ, ಮೀನೇ ಆಯುಧವಾಗಿ ಊರೆಲ್ಲ ಹೊಡೆದಾಟ. ಘಟ್ಟದ ಮೇಲಿನ ಮಕ್ಕಳು ಇದನ್ನು ಬರೀ ಹೊಡೆದಾಟ ಎಂದು ನೋಡುತ್ತಾರೆ. ಕಾರವಾರದ ಮಕ್ಕಳು ಬೆಳಿಗ್ಗೆ ದೋಣಿಯಿಂದ ಇಳಿದ ಬಂಗುಡೆ ನೋಡಿದವರು. ಪೇಟೆಯಲ್ಲಿ ಮೀನಿನ ಕಿವಿರು ಎತ್ತಿ ನೋಡಿ "ಇದು ನಿನ್ನೆದು" ಎನ್ನುವ ಅಜ್ಜಿಯ ಜೊತೆ ಬೆಳೆದವರು. ಅವರಿಗೆ ಜೋಕು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಇದರ ಅರ್ಧ ನಗು ಮಾತಿನಲ್ಲಿದೆ. ಹೆಸರುಗಳೇ ಒಂದೊಂದು ಜೋಕು. ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್ರಿಜ್ ಮಾಡಿದ ಇಂಗ್ಲಿಷ್ ಅನುವಾದಕ್ಕೆ ಅದೇ ಕಾರಣಕ್ಕೆ ಹೆಸರು. ಇಂಗ್ಲಿಷ್ ಗಟ್ಟಿಯಿಲ್ಲದ ಮಗುವಿಗೆ ಆ ಅರ್ಧ ಸಿಗುವುದಿಲ್ಲ. ನಾವು ಪಕ್ಕದಲ್ಲಿ ಕೂತು ಕನ್ನಡದಲ್ಲೋ ಕೊಂಕಣಿಯಲ್ಲೋ ಹೇಳಿದರೂ ಕತೆ ದಾಟುತ್ತದೆ, ಹೆಸರಿನ ತಮಾಷೆ ದಾಟುವುದಿಲ್ಲ. ಉಳಿದರ್ಧ ಚಿತ್ರದಲ್ಲಿದೆ. ಒಬೆಲಿಕ್ಸ್ ಹೊಡೆದ ರೋಮನ್ ಸೈನಿಕ ಚಪ್ಪಲಿ ಕೆಳಗೇ ಬಿಟ್ಟು ಮೇಲಕ್ಕೆ ಹಾರುವುದನ್ನು ನೋಡಲು ಯಾವ ಭಾಷೆಯೂ ಬೇಡ. ಇಷ್ಟೆಲ್ಲ ಏಟು ಬಿದ್ದರೂ ಯಾರೂ ಸಾಯುವುದಿಲ್ಲ, ಬುಗುಟು ಬರುತ್ತದೆ ಅಷ್ಟೇ.

ಮುಜುಗರದ ಜಾಗ ಎರಡು. ಕಡಲ್ಗಳ್ಳರ ಹಡಗಿನ ಕಪ್ಪು ಕಾವಲುಗಾರನ ಮುಖ ಬಿಡಿಸಿದ ರೀತಿ ಈಗ ಒಪ್ಪುವಂಥದ್ದಲ್ಲ. ಹೆಂಗಸರು ಹೆಚ್ಚಾಗಿ ಜಗಳಕ್ಕೇ ಬರುತ್ತಾರೆ. ಮಗುವಿನ ಜೊತೆ ಈ ಬಗ್ಗೆ ಎರಡು ಮಾತಾಡಿದರೆ ಸಾಕು, ಬಚ್ಚಿಡುವ ಅಗತ್ಯವಿಲ್ಲ. ಗೊಸಿನಿ 1977ರಲ್ಲಿ ತೀರಿಕೊಂಡ. ಅವನು ಬರೆದ ಹಳೆಯ ಆಲ್ಬಮ್‌ಗಳನ್ನೇ ಮೊದಲು ಹುಡುಕಿ. ಬೆಲೆ ಜಾಸ್ತಿ, ನಿಜ. ಮೂರು ಕತೆ ಒಟ್ಟಿಗೆ ಬರುವ ಆಮ್ನಿಬಸ್ ತಗೊಂಡರೆ ಕತೆ ಲೆಕ್ಕದಲ್ಲಿ ಅಗ್ಗವಾಗುತ್ತದೆ.

ಟಿನ್‌ಟಿನ್

ಬೆಲ್ಜಿಯಮ್ಮಿನ ಎರ್ಜೆ 1929ರ ಜನವರಿಯಲ್ಲಿ ಶುರು ಮಾಡಿದ್ದು. ಅರ್ಧಕ್ಕೆ ನಿಂತ ಕೊನೆಯದೂ ಸೇರಿ 24 ಪುಸ್ತಕ. "ಇದು ಸಾಹಸದ ಕತೆಯಲ್ವಾ, ನಗೆಯದ್ದೆಲ್ಲಿ?" ಎಂದು ಕೆಲವರು ಕೇಳುತ್ತಾರೆ. ಟಿನ್‌ಟಿನ್ ಎಂಬ ಹುಡುಗನಲ್ಲಿ ನಗುವಂಥದ್ದು ಏನೂ ಇಲ್ಲ, ಒಪ್ಪಿದೆ. ಅವನು ಒಳ್ಳೆಯ ಹುಡುಗ, ಅಷ್ಟೇ. ನಗು ಇರುವುದು ಅವನ ಸುತ್ತ. ಬೈಗುಳದ ಭಂಡಾರ ಹ್ಯಾಡಕ್, ಕಿವಿ ಕೇಳದ ಪ್ರೊಫೆಸರ್ ಕ್ಯಾಲ್ಕ್ಯುಲಸ್, ಒಬ್ಬ ಹೇಳಿದ್ದನ್ನೇ ಇನ್ನೊಬ್ಬ ತಿರುಗಿಸಿ ಹೇಳುವ ಇಬ್ಬರು ಪತ್ತೇದಾರರು.

ನಗುವಿಗೆಂದೇ ಒಂದು ತಗೊಳ್ಳುವುದಾದರೆ 1963ರ 'ಕ್ಯಾಸ್ಟಾಫಿಯೋರೆ ಎಮರಾಲ್ಡ್' ತಗೊಳ್ಳಿ. ಅದರಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಇಡೀ ಕತೆ ಹ್ಯಾಡಕ್‌ನ ಮನೆಯಲ್ಲಿ. ಮೆಟ್ಟಿಲ ಒಂದು ಕಲ್ಲು ಒಡೆದಿದೆ. ಗೌಂಡಿಗೆ ಫೋನ್ ಮಾಡುತ್ತಾರೆ, ಅವನು ಬರುತ್ತೇನೆ ಎನ್ನುತ್ತಾನೆ, ಬರುವುದಿಲ್ಲ. ಮತ್ತೆ ಫೋನು, ಮತ್ತೆ ಅದೇ ಉತ್ತರ. ಮನೆಯವರೆಲ್ಲ ಒಬ್ಬೊಬ್ಬರಾಗಿ ಅದೇ ಮೆಟ್ಟಿಲ ಮೇಲೆ ಜಾರುತ್ತಾರೆ. ಬೇಡದ ಅತಿಥಿಯಾಗಿ ಬಂದ ಗಾಯಕಿ ಮಾತ್ರ ಜಾರುವುದೇ ಇಲ್ಲ. ನಡುವೆ ಮಾಂಸದಂಗಡಿಗೆ ಮಾಡಿದ ಫೋನೆಲ್ಲ ಇವರ ಮನೆಗೆ ಬರುತ್ತದೆ. ಮಳೆಗೆ ಮುಂಚೆ ಹಂಚು ಕೈಯಾಡಿಸಲು ಆಳು ಹುಡುಕಿದವರು ಇದನ್ನು ಓದಲೇಬೇಕು. ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ ನಗುತ್ತಾರೆ ಎಂಬುದು ಇದರ ಗುಣವೂ ಹೌದು, ದೋಷವೂ ಹೌದು. ಎಂಟು ವರ್ಷದವರಿಗೆ "ಏನೂ ಆಗಲೇ ಇಲ್ಲ" ಎನಿಸಬಹುದು. ಅವರಿಗೆ ಚಂದ್ರಲೋಕಕ್ಕೆ ಹೋಗುವ ಎರಡು ಭಾಗದ ಕತೆ ಕೊಡಿ.

ಇಂಗ್ಲಿಷ್ ಆಸ್ಟೆರಿಕ್ಸ್‌ಗಿಂತ ಸುಲಭ. ಚಿತ್ರ ನೋಡಿಯೇ ಕತೆ ಹಿಡಿಯಬಹುದು. ಬಾಯಲ್ಲಿ ಕನ್ನಡ ಮಾಡಿ ಹೇಳಲು ಇದಕ್ಕಿಂತ ಒಳ್ಳೆಯದಿಲ್ಲ, ಹ್ಯಾಡಕ್‌ನ ಬೈಗುಳಕ್ಕೆ ನಮ್ಮಲ್ಲಿ ಮಾತಿಗೆ ಬರವೂ ಇಲ್ಲ. ಕತೆ ಮಾತ್ರ ಉದ್ದ, 62 ಪುಟ. ಕೂತು ಓದುವ ಅಭ್ಯಾಸ ಇಲ್ಲದ ಮಗು ನಡುವೆ ಬಿಡುತ್ತದೆ. ಹ್ಯಾಡಕ್‌ಗೆ ಕುಡಿತ, ಕೆಲವು ಮನೆಗಳಲ್ಲಿ ಇದು ಹಿಡಿಸುವುದಿಲ್ಲ. ಕಾಂಗೋದ ಕತೆಯನ್ನು ನಾನು ಮಕ್ಕಳಿಗೆ ಕೊಡುವುದಿಲ್ಲ. ಆಫ್ರಿಕಾದ ಜನರನ್ನು ಅದರಲ್ಲಿ ತೀರಾ ಹೀನವಾಗಿ ತೋರಿಸಲಾಗಿದೆ, ಪ್ರಾಣಿಗಳನ್ನು ಸುಮ್ಮಸುಮ್ಮನೆ ಕೊಲ್ಲುತ್ತಾರೆ. ಮುಂದೆ ಎರ್ಜೆಯೇ ಅದರ ಬಗ್ಗೆ ಪಶ್ಚಾತ್ತಾಪದ ಮಾತಾಡಿದ್ದ.

ಕೊಳ್ಳುವಾಗ ಒಂದು ಎಚ್ಚರ. ಮೂರು ಕತೆ ಒಟ್ಟು ಮಾಡಿದ ಚಿಕ್ಕ ಅಳತೆಯ ಗಟ್ಟಿ ರಟ್ಟಿನ ಪುಸ್ತಕ ಅಗ್ಗ ಎಂದು ಮರುಳಾಗಬೇಡಿ. ಅಕ್ಷರ ಅಷ್ಟು ಸಣ್ಣ. ಎಮರ್ಜೆನ್ಸಿ ಲೈಟಿನಲ್ಲಿ ಮಕ್ಕಳ ಕಣ್ಣು ಹಾಳು.

ನಾಲ್ಕು ಚೌಕದವು

ದಿನಪತ್ರಿಕೆಯಲ್ಲಿ ಮೂರ್ನಾಲ್ಕು ಚೌಕದಲ್ಲೇ ಮುಗಿಯುವ ಕಾಮಿಕ್ಸಲ್ಲಿ 'ಕ್ಯಾಲ್ವಿನ್ ಆಂಡ್ ಹಾಬ್ಸ್' ನನಗೆ ಬಹಳ ಇಷ್ಟ. ಬಿಲ್ ವಾಟರ್ಸನ್ 1985ರ ನವೆಂಬರಿನಿಂದ 1995ರ ಕೊನೆಯ ದಿನದವರೆಗೆ ಬಿಡಿಸಿ, ಸಾಕು ಎಂದು ನಿಲ್ಲಿಸಿಬಿಟ್ಟ. ಆರು ವರ್ಷದ ಹುಡುಗ, ಅವನ ಹುಲಿ. ಉಳಿದವರಿಗೆ ಅದು ಬಟ್ಟೆಯ ಗೊಂಬೆ, ಅವನಿಗೆ ಜೀವ ಇರುವ ಗೆಳೆಯ. ಹುಡುಗನಿಗೆ ಆರು ವರ್ಷ ಎಂದು ಆರು ವರ್ಷದವರಿಗೆ ತಂದುಕೊಡಬೇಡಿ. ಅವನ ಇಂಗ್ಲಿಷ್ ಕಾಲೇಜು ಮೇಷ್ಟರದ್ದು. ಹಿಮದ ಗೊಂಬೆಯ ಜೋಕುಗಳೂ ನಮ್ಮ ಮಕ್ಕಳಿಗೆ ದೂರ. ಹನ್ನೆರಡು ದಾಟಿದ, ಇಂಗ್ಲಿಷ್ ಸಲೀಸಾದ, ಸ್ವಲ್ಪ ತಲೆಹರಟೆಯ ಮಗುವಿಗೆ ಕೊಟ್ಟರೆ ಆಮೇಲೆ ಪುಸ್ತಕ ನಿಮಗೆ ವಾಪಸ್ ಸಿಗುವುದಿಲ್ಲ.

'ಪೀನಟ್ಸ್' ಇದಕ್ಕಿಂತ ಮೆತ್ತಗೆ. ಷುಲ್ಜ್ ಒಬ್ಬನೇ ಕೂತು 1950ರಿಂದ 2000ದವರೆಗೆ 17,897 ಕಾಮಿಕ್ಸ್ ಪಟ್ಟಿ ಬಿಡಿಸಿದ. ಅದರ ಹುಡುಗ ಚಾರ್ಲಿ ಬ್ರೌನ್ ಗೆಲ್ಲುವುದು ಬಹಳ ಅಪರೂಪ. ಸಣ್ಣ ಮಕ್ಕಳಿಗೆ ಸ್ನೂಪಿ ಎಂಬ ನಾಯಿ ಇಷ್ಟ, ಉಳಿದದ್ದು ನಿಧಾನಕ್ಕೆ ತಿಳಿಯುತ್ತದೆ. 'ಡೆನಿಸ್ ದ ಮೆನೇಸ್' ಕೇಳುವವರು ಯಾವ ಡೆನಿಸ್ ಎಂದೂ ಹೇಳಬೇಕು. ಅಮೆರಿಕದ ಡೆನಿಸ್, ಬ್ರಿಟನ್ನಿನ ಬೀನೋ ಪತ್ರಿಕೆಯ ಡೆನಿಸ್ ಇಬ್ಬರೂ 1951ರ ಮಾರ್ಚ್ 12ರಂದೇ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹೊರಬಂದವರು. ನಮಗೆ ಸಿಗುವುದು ಹೆಚ್ಚಾಗಿ ಅಮೆರಿಕದವನು. ಒಂದು ಚೌಕ, ಒಂದು ಸಾಲು, ಎಂಟು ವರ್ಷದವರಿಗೂ ಸಾಕು. ಆರ್ಚಿ ಎಂಬ ಅಮೆರಿಕದ ಹದಿಹರೆಯದ ಹುಡುಗನ ಕಾಮಿಕ್ಸ್ ಹೈಸ್ಕೂಲಿನವರಿಗೆ.

ಕನ್ನಡದಲ್ಲೇ ಬೇಕೆಂದರೆ

ಇಲ್ಲಿ ಆಯ್ಕೆ ಕಡಿಮೆ, ಹೇಳಲು ಬೇಜಾರಾಗುತ್ತದೆ. ಬಾಲಮಂಗಳದ ಡಿಂಗನನ್ನು ಓದಿ ಬೆಳೆದವರು ಈಗ ಅಪ್ಪ ಅಮ್ಮಂದಿರು. ಅಟ್ಟದ ಮೇಲೆ ಹಳೆಯ ಸಂಚಿಕೆ ಉಳಿದಿದ್ದರೆ ಧೂಳು ಕೊಡವಿ ಇಳಿಸಿ. ಮಕ್ಕಳು ಸೂಪರ್ ಇಲಿಯನ್ನು ಈಗಲೂ ಬಿಡುವುದಿಲ್ಲ.

ಅಂಗಡಿಯಲ್ಲಿ ಹೊಸದಾಗಿ ಸಿಗುವುದು ಅಮರ ಚಿತ್ರ ಕಥೆಯ ಕನ್ನಡ ಪುಸ್ತಕಗಳು. ಆ ಹೆಸರಿನ ಮೊದಲ ಪುಸ್ತಕಗಳು ಬಂದದ್ದೇ ಕನ್ನಡದಲ್ಲಿ, ಪಾಶ್ಚಾತ್ಯ ಕಿನ್ನರ ಕತೆಗಳಾಗಿ. ಅದಕ್ಕೇ ಇಂಗ್ಲಿಷ್ ಸರಣಿ ಹನ್ನೊಂದನೇ ನಂಬರಿನಿಂದ, 'ಕೃಷ್ಣ'ನಿಂದ ಶುರು. ಪುರಾಣ, ಇತಿಹಾಸ ಬದಿಗಿಡಿ, ನಮಗೆ ಬೇಕಾದ್ದು ತೆನಾಲಿ ರಾಮ ಮತ್ತು ಬೀರಬಲ್. ಚಿತ್ರ ಸ್ವಲ್ಪ ಬಿಗಿ, ಟಿಂಕಲ್‌ನ ಕುಣಿದಾಟ ಇಲ್ಲ. ಆದರೆ ಮಗು ತಾನೇ ಓದಿ, ತಾನೇ ನಗುತ್ತದೆ, ಆಮೇಲೆ ಊಟದ ಹೊತ್ತಿಗೆ ನಮಗೂ ಹೇಳುತ್ತದೆ. ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷಿನ ದೊಡ್ಡ ಹೆಸರಿಗಿಂತ ಇದು ಎಷ್ಟೋ ಮೇಲು.

ಖರ್ಚೇ ಇಲ್ಲದ ದಾರಿಯೂ ಇದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತ. ಕಾಮಿಕ್ಸ್ ಎನ್ನಲಾಗದು, ನಗೆಯ ಕತೆ ಬೇಕಾದಷ್ಟಿವೆ. ನೆಟ್‌ವರ್ಕ್ ಇರುವಾಗಲೇ ಇಳಿಸಿಟ್ಟುಕೊಳ್ಳಿ. ನಿಮ್ಮ ಪಂಚಾಯಿತಿಯ ಲೈಬ್ರರಿಯಲ್ಲೂ ಒಮ್ಮೆ ಕೇಳಿ. 2020ರ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ.

ಓದಲು ಬರದ ಮಗುವಿಗೆ ನಾನು ಕೊಡುವುದು ಜರ್ಮನಿಯ 'ಅಪ್ಪ ಮತ್ತು ಮಗ' ಚಿತ್ರಗಳನ್ನು. ಇ. ಓ. ಪ್ಲಾವನ್ ಎಂಬ ಹೆಸರಲ್ಲಿ ಎರಿಕ್ ಓಸರ್ 1934ರಿಂದ 1937ರವರೆಗೆ ಬಿಡಿಸಿದ್ದು. ಬೋಳುತಲೆ, ದಪ್ಪ ಮೀಸೆಯ ಅಪ್ಪ, ಕೆದರಿದ ಕೂದಲಿನ ಮಗ. ಹೆಚ್ಚುಕಡಿಮೆ ಮಾತೇ ಇಲ್ಲ. ನಾಜಿಗಳನ್ನು ಚಿತ್ರದಲ್ಲಿ ಗೇಲಿ ಮಾಡಿದ್ದಕ್ಕೆ ಅವನಿಗೆ ಸ್ವಂತ ಹೆಸರಲ್ಲಿ ಕೆಲಸ ಇರಲಿಲ್ಲ, ಕೊನೆಗೆ 1944ರಲ್ಲಿ ಸೆರೆಮನೆಯಲ್ಲೇ ಸತ್ತ. ಚಿತ್ರದಲ್ಲಿ ಆ ಕಹಿ ಒಂದು ಗೆರೆಯಷ್ಟೂ ಇಲ್ಲ. ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ, ಇಂಟರ್ನೆಟ್ಟಿನಲ್ಲಿ ಸಿಗುತ್ತದೆ.

ದುಡ್ಡು ಮತ್ತು ಮಳೆ

ಟಿಂಕಲ್‌ನಂಥ ತೆಳು ಪತ್ರಿಕೆಗೆ ನಡುವೆ ಎರಡು ಪಿನ್ನು. ಕಾರವಾರ, ಅಂಕೋಲೆಯ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ನಡುಹಾಳೆಗೆ ಇಳಿದು ಕೆಂಪು ಕಲೆಯಾಗುತ್ತದೆ, ಆಮೇಲೆ ಹಾಳೆ ಸರಿಯಾಗಿ ಅಲ್ಲೇ ಹರಿಯುತ್ತದೆ. ತಂದ ದಿನವೇ ಪಿನ್ನು ಬಿಚ್ಚಿ, ಅದೇ ತೂತಿನಲ್ಲಿ ಹತ್ತಿಯ ದಾರ ಹಾಕಿ ಎರಡು ಹೊಲಿಗೆ ಹೊಲಿಯಿರಿ. ನಮ್ಮ ಲೈಬ್ರರಿಯದ್ದನ್ನೆಲ್ಲ ಹಾಗೇ ಮಾಡಿದ್ದೇವೆ. ಆಲ್ಬಮ್‌ಗಳ ತೊಂದರೆ ಬೇರೆ. ನಯವಾದ ಹೊಳೆಯುವ ಹಾಳೆ ತಂಡಿ ಹೀರಿದರೆ ಒಂದಕ್ಕೊಂದು ಅಂಟುತ್ತದೆ. ಎಳೆದರೆ ಬಣ್ಣ ಕಿತ್ತು ಬರುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿಸಬೇಡಿ, ವಾರಕ್ಕೊಮ್ಮೆ ಪುಟ ಬಿಡಿಸಿ ಗಾಳಿಯಾಡಿಸಿ. ಶಿರಸಿ, ಸಿದ್ದಾಪುರದವರು ಒಲೆ ಮೇಲಿನ ಅಟ್ಟದಲ್ಲಿಡುವ ಯೋಚನೆ ಮಾಡಬಹುದು. ಬೂಷ್ಟು ಹಿಡಿಯುವುದಿಲ್ಲ, ಖರೆ. ಆದರೆ ಹೊಗೆಗೆ ಒಬೆಲಿಕ್ಸ್ ಕಪ್ಪಾಗುತ್ತಾನೆ.

ಆಲ್ಬಮ್ ದುಬಾರಿ ಎಂದು ಬಿಡುವ ಮುಂಚೆ ಕೇರಿಯ ಮೂರು ಮನೆಯವರು ಮಾತಾಡಿಕೊಳ್ಳಿ. ಒಬ್ಬೊಬ್ಬರು ಒಂದೊಂದು ತಂದು ತಿಂಗಳಿಗೊಮ್ಮೆ ಬದಲಾಯಿಸಿದರಾಯಿತು. ಟಿಂಕಲ್, ಚಾಚಾ ಚೌಧರಿಗೆ ಈ ಏರ್ಪಾಡು ಬೇಡ, ಅವು ಕೈ ಬದಲಾಯಿಸುವಷ್ಟರಲ್ಲಿ ಚಿಂದಿಯಾಗುತ್ತವೆ. ಹಳೆಯ ಪುಸ್ತಕದ ಅಂಗಡಿಗೆ ಹೋಗುವವರು ನಡುಹಾಳೆ ಇದೆಯಾ ಎಂದು ನೋಡಿಯೇ ದುಡ್ಡು ಕೊಡಿ.

ಈಗ ಆ ಮೂವರಿಗೆ ನಾನು ಹೇಳಿದ್ದು. ಶಿರಸಿಯ ಮಾಣಿಗೆ ಕನ್ನಡದ ತೆನಾಲಿ ರಾಮ, ಬೀರಬಲ್ ಅವನೇ ಓದಲಿಕ್ಕೆ, ಒಂದು ಸುಪ್ಪಂದಿ ಆಯಿಯ ಜೊತೆ ಓದಲಿಕ್ಕೆ. ದುಡ್ಡು ಉಳಿಯುತ್ತದೆ, ಉಳಿಯಲಿ. ಕಾರವಾರದ ಹುಡುಗಿಗೆ ಟಿನ್‌ಟಿನ್ ಎರಡು. ಜೊತೆಗೆ ಅವಳಿಗೂ ಅದೇ ಕನ್ನಡದ ಬೀರಬಲ್. ಆ ಕತೆಗಳು ಅವಳಿಗೆ ಹಿಂದಿಯಲ್ಲಿ ಗೊತ್ತಿರುತ್ತವೆ, ಹಾಗಾಗಿ ಕನ್ನಡ ಓದುವಾಗ ದಾರಿ ತಪ್ಪುವುದಿಲ್ಲ. ಅಂಕೋಲೆಯ ಮಾವನಿಗೆ ಒಂದೇ ಆಸ್ಟೆರಿಕ್ಸ್ ಆಮ್ನಿಬಸ್. ದೊಡ್ಡವನು ಓದುತ್ತಾನೆ, ಚಿಕ್ಕವನು ಪಕ್ಕದಲ್ಲಿ ಕೂತು ಹಾರುವ ರೋಮನ್ನರನ್ನು ಎಣಿಸುತ್ತಾನೆ. ಹದಿಮೂರರವನಿಗೆ ಓದಿ ಹೇಳಲು ಬೇಸರ ಬಂದರೆ, 'ಅಪ್ಪ ಮತ್ತು ಮಗ'ನ ಹತ್ತು ಪುಟ ಪ್ರಿಂಟ್ ತೆಗೆಸಿ ಆರರವನ ಕೈಗೆ ಕೊಡಿ ಎಂದಿದ್ದೇನೆ. ಝೆರಾಕ್ಸ್ ಅಂಗಡಿಯ ಖರ್ಚಷ್ಟೇ, ಹರಿದರೆ ಇನ್ನೊಂದು ಪ್ರತಿ ತೆಗೆಸಿದರಾಯಿತು.